ಜೋರು ಗಾಳಿಯಲ್ಲಿ ದೋಣಿಯನ್ನು ಜೆಟ್ಟಿಗೆ ತಂದ ದಿನ

ನನ್ನದು 20 ಅಡಿಯ ಹಾಯಿದೋಣಿ. ಎರಡು ಹಾಯಿ: ದೊಡ್ಡದು ಮೇನ್‌ಸೇಲ್, ಮುಂದಿನ ಚಿಕ್ಕದು ಜಿಬ್. ಹಿಂದೆ ಪುಟ್ಟ ಔಟ್‌ಬೋರ್ಡ್ ಮೋಟಾರ್. ಆವತ್ತು ಮೋಟಾರ್ ಸ್ಟಾರ್ಟ್ ಆಗಲೇ ಇಲ್ಲ.

ಬೆಳಿಗ್ಗೆ ನಾನೂ ಗೆಳೆಯನೂ ಹೊರಟಾಗ ಗಾಳಿ 10 ನಾಟ್ ಇತ್ತು. ಮಧ್ಯಾಹ್ನಕ್ಕೆ 20 ಆಯಿತು, ಅಂದರೆ ಗಂಟೆಗೆ 37 ಕಿ.ಮೀ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತೆ. ಲೆಕ್ಕ ಗೊತ್ತಿತ್ತು, ಮೈಗೆ ತಾಗಿದ್ದು ಮಾತ್ರ ಆವತ್ತೇ. ದೋಣಿ ಒಂದು ಕಡೆ ವಾಲಿ, ಅಂಚಿನ ಮೇಲೆ ನೀರು ಹರಿಯತೊಡಗಿತು. ಚುಕ್ಕಾಣಿಯ ಹಿಡಿ ಎರಡೂ ಕೈಯಲ್ಲಿ ಎಳೆದರೂ ಬಗ್ಗುತ್ತಿರಲಿಲ್ಲ. ದೋಣಿ ತಾನಾಗಿಯೇ ಗಾಳಿಯ ಕಡೆ ಮುಖ ತಿರುಗಿಸುತ್ತಿತ್ತು. ಹಾಯಿ ಜಾಸ್ತಿ ಆಗಿದೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಅರ್ಧ ಗಂಟೆ ಮೊದಲೇ ಹಾಯಿ ಕುಗ್ಗಿಸಬೇಕಿತ್ತು.

ಜಿಬ್ ಅನ್ನು ಗಾಳಿ ಬರುವ ಕಡೆಗೇ ಎಳೆದು ಕಟ್ಟಿದೆ. ಚುಕ್ಕಾಣಿಯ ಹಿಡಿಯನ್ನು ಗಾಳಿ ಹೋಗುವ ಕಡೆಗೆ ತಳ್ಳಿ ಕಟ್ಟಿದೆ. ಅಷ್ಟೊತ್ತೂ ಕುಣಿಯುತ್ತಿದ್ದ ದೋಣಿ ಸುಮ್ನೆ ನಿಂತಂತಾಯಿತು. ಆಮೇಲೆ ಮೇನ್‌ಸೇಲನ್ನು ಸ್ವಲ್ಪ ಇಳಿಸಿ, ಹಾಯಿಯನ್ನು ಚಿಕ್ಕದಾಗಿ ಹಿಡಿದಿಡುವ ರೀಫ್ ಹಗ್ಗ ಬಿಗಿದೆ. ಮತ್ತೆ ಹೊರಟಾಗ ವೇಗ ಹೆಚ್ಚೇನೂ ಕಡಿಮೆಯಾಗಲಿಲ್ಲ. ದೋಣಿ ನೆಟ್ಟಗೆ ನಿಂತಿತ್ತು, ಚುಕ್ಕಾಣಿ ಒಂದೇ ಕೈಗೆ ಬಗ್ಗಿತು.

ನಿಜವಾದ ಪರೀಕ್ಷೆ ಜೆಟ್ಟಿ ಹತ್ತಿರ. ಗಾಳಿ ಜೆಟ್ಟಿಯ ಉದ್ದಕ್ಕೂ ಬೀಸುತ್ತಿತ್ತು. ಗಾಳಿಯನ್ನು ಬೆನ್ನಿಗೆ ಇಟ್ಟುಕೊಂಡು ಬರೋದೇ ಹತ್ತಿರದ ದಾರಿ, ಹಾಗೇ ಬಂದೆ. ವೇಗ ಇಳಿಸೋಣ ಅಂತ ಮೇನ್‌ಸೇಲಿನ ಹಗ್ಗ ಸಡಿಲ ಬಿಟ್ಟೆ. ಏನೂ ಆಗಲಿಲ್ಲ. ಹಾಯಿಯ ಕೆಳಗಿನ ಅಡ್ಡಕೋಲು, ಅಂದರೆ ಬೂಮ್, ಹಾಯಿಕಂಬದ ಪಕ್ಕದ ತಂತಿಗೆ ತಾಗಿ ನಿಂತುಬಿಟ್ಟಿತ್ತು, ಹಾಯಿ ತುಂಬಿಕೊಂಡೇ ಇತ್ತು. ಗಾಳಿ ಹಿಂದಿನಿಂದ ಬಂದರೆ ಹಾಯಿ ಖಾಲಿಯಾಗಲ್ಲ, ಅಲ್ವಾ? ಜೆಟ್ಟಿ ಎರಡು ದೋಣಿಯಷ್ಟು ದೂರ ಇದ್ದಾಗ ಪಕ್ಕಕ್ಕೆ ತಿರುಗಿಸಿ ಹೊರಗೆ ಹೋದೆ. ಆ ದಿನ ನಾನು ಮಾಡಿದ ಒಳ್ಳೆ ಕೆಲಸ ಅದೇ.

ಹೊರಗೆ ಹೋಗಿ ಜಿಬ್ ಇಳಿಸಿ ಕಟ್ಟಿದೆವು. ಎರಡೂ ಪಕ್ಕಕ್ಕೆ ಗುದ್ದು ತಡೆಯುವ ದಿಂಬಿನಂಥ ಫೆಂಡರ್ ಇಳಿಬಿಟ್ಟೆವು. ದೋಣಿಯ ನಡುವೆ ಹಗ್ಗ ಸುತ್ತಿ ಕಟ್ಟಲು ಇರುವ ಗೂಟದಂಥ ಕ್ಲೀಟ್‌ಗೆ ಉದ್ದನೆಯ ಹಗ್ಗ ಕಟ್ಟಿ ಗೆಳೆಯನ ಕೈಗೆ ಕೊಟ್ಟೆ. "ಎಗರಬೇಡ. ಜೆಟ್ಟಿಗೆ ತಾಗಿದ ಮೇಲೆ ಕಾಲಿಡು. ಹಗ್ಗ ಕೈಯಲ್ಲಿ ಎಳೀಬೇಡ ಕಣೋ, ಮೊದಲು ಅಲ್ಲಿನ ಕ್ಲೀಟ್‌ಗೆ ಒಂದು ಸುತ್ತು ಹಾಕು. ದೋಣಿ ಗುದ್ದೋ ಹಾಗಿದ್ರೂ ಕಾಲು ಅಡ್ಡ ಕೊಡಬೇಡ" ಅಂದೆ. ಓಡುತ್ತಿರುವ ದೋಣಿಯನ್ನು ಕೈಯಿಂದ ಹಿಡಿದರೆ ಹಗ್ಗ ಅಂಗೈ ಸುಟ್ಟುಕೊಂಡು ಹೋಗುತ್ತೆ. ಕ್ಲೀಟ್ ಮೇಲೆ ಒಂದು ಸುತ್ತು ಬಿದ್ದರೆ ಅದೇ ಹಿಡಿಯುತ್ತೆ.

ಈ ಸಲ ಜೆಟ್ಟಿಯ ಆ ತುದಿ ಸುತ್ತಿ, ಗಾಳಿಗೆ ಓರೆಯಾಗಿ ಬಂದೆ. ಮೇನ್‌ಸೇಲಿನ ಹಗ್ಗ ಬಿಟ್ಟರೆ ಹಾಯಿ ಪಟಪಟ ಬಡಿದು ವೇಗ ಇಳಿಯುತ್ತೆ, ಒಂದು ಮೊಳ ಎಳೆದರೆ ಮತ್ತೆ ಏರುತ್ತೆ. ಹಾಗೇ ಬಿಡುತ್ತಾ ಎಳೆಯುತ್ತಾ ಹತ್ತಿರ ತಂದೆ. ಕೊನೆಗೆ ಪೂರ್ತಿ ಗಾಳಿಗೆ ಮುಖ ಮಾಡಿದೆ. ಹಿಂದೊಮ್ಮೆ ತೆಳುಗಾಳಿಯಲ್ಲಿ ಗುರುತಿಗೆ ಅಂತ ನೀರಿಗೆ ಫೆಂಡರ್ ಎಸೆದು ನೋಡಿದ್ದೆ, ಗಾಳಿಗೆ ತಿರುಗಿಸಿದ ಮೇಲೆ ದೋಣಿ ಐದು ದೋಣಿಯಷ್ಟು ದೂರ ಜಾರುತ್ತಿತ್ತು. ಈ ಗಾಳಿಗೆ, ಈ ಅಲೆಗೆ ಎರಡರಲ್ಲೇ ನಿಲ್ಲುವಂತಿತ್ತು. ಮೂತಿಯನ್ನು ಸ್ವಲ್ಪ ಓರೆ ಮಾಡಿ ಮೇನ್‌ಸೇಲಿನ ಹಗ್ಗ ಇನ್ನೊಂದು ಸಲ ಎಳೆಯಬೇಕಾಯಿತು.

ಫೆಂಡರ್ ಕಿರ್ರ್ ಅಂತು. ಗೆಳೆಯ ಕಾಲಿಟ್ಟ, ಸುತ್ತು ಹಾಕಿದ. ನಡುವಿನ ಹಗ್ಗ ಬಿಗಿಯಾದ ಕೂಡಲೇ ದೋಣಿ ಅಲ್ಲೇ ನಿಂತಿತು. ಹಿಂದಿನ ಹಗ್ಗ ಮೊದಲು ಕಟ್ಟಿದ್ದರೆ ಗಾಳಿ ಮೂತಿಯನ್ನು ಹೊರಕ್ಕೆ ತಳ್ಳುತ್ತಿತ್ತು. ತಕ್ಷಣ ಮೇನ್‌ಸೇಲ್ ಇಳಿಸಿದೆ, ಆಮೇಲೆ ಮುಂದಿನ, ಹಿಂದಿನ ಹಗ್ಗ.

ಮರುವಾರ ಗಾಳಿ 18 ನಾಟ್ ಇದ್ದ ದಿನ ಅದೇ ಫೆಂಡರ್ ತಗೊಂಡು ಹೋದೆ. ನೀರಿಗೆ ಎಸೆದು, ಅದರ ಪಕ್ಕಕ್ಕೆ ದೋಣಿ ತಂದು ನಿಲ್ಲಿಸುವುದನ್ನು ಹನ್ನೆರಡು ಸಲ ಮಾಡಿದೆ. ಏಳು ಸಲ ಸರಿಯಾಗಿ ನಿಂತಿತು.