ದೇಶ ನಡೆಸೋರ ಮನೆ ಮಗುನ ಬೆಳೆಸೋದು, ಓದಿಸೋದು ಹೇಗೆ

ಅಪ್ಪನೋ ಅಮ್ಮನೋ ಪ್ರಧಾನಿ ಆದ್ರು, ಪ್ರೆಸಿಡೆಂಟ್ ಆದ್ರು ಅಂದ್ರೆ ಆವತ್ತು ಎಲ್ಲರೂ ಮಾತಾಡೋದು ಮಂತ್ರಿಮಂಡಲದಲ್ಲಿ ಯಾರಿರ್ತಾರೆ ಅನ್ನೋದನ್ನ. ಆ ಮನೇಲಿರೋ ಒಂಬತ್ತು ವರ್ಷದ ಮಗು ಸೋಮವಾರ ಯಾವ ಸ್ಕೂಲಿಗೆ ಹೋಗುತ್ತೆ, ಯಾರ ಪಕ್ಕ ಕೂತು ಊಟ ಮಾಡುತ್ತೆ ಅನ್ನೋದು ಯಾರ ತಲೆಗೂ ಬರಲ್ಲ. ಎಲೆಕ್ಷನ್‌ಗೆ ನಿಂತಿದ್ದು ಮಗು ಅಲ್ಲ, ಗೆದ್ದಿದ್ದೂ ಮಗು ಅಲ್ಲ, ಆದ್ರೂ ಜೀವನ ತಲೆಕೆಳಗಾಗೋದು ಅದರದ್ದೇ. ನಾನು ಇಲ್ಲಿ ಹೇಳೋದೆಲ್ಲಾ ಆ ಒಂದು ವಿಷಯದ ಸುತ್ತಾನೇ ಇರುತ್ತೆ: ಪದವಿ ಅಪ್ಪ ಅಮ್ಮಂದು, ಬಾಲ್ಯ ಮಾತ್ರ ಮಗುದು, ಎರಡನ್ನೂ ಬೇರೆ ಬೇರೆ ಇಡೋಕೆ ದಿನಾ ಕೆಲಸ ಮಾಡ್ಬೇಕು. ಅಪ್ಪ ಅಮ್ಮ, ಮನೇಲಿರೋ ಅಜ್ಜಿ ತಾತ, ಕ್ಲಾಸ್ ಟೀಚರ್ ಎಲ್ಲರಿಗೂ ಇದರಲ್ಲಿ ಕೆಲಸ ಇದೆ. ಪ್ರಧಾನಿಯೇ ಆಗ್ಬೇಕು ಅಂತಿಲ್ಲ, ದೊಡ್ಡ ಪದವೀಲಿರೋ ಯಾರ ಮನೆಗಾದ್ರೂ ಇದರಲ್ಲಿ ಅರ್ಧ ಭಾಗ ಉಪಯೋಗಕ್ಕೆ ಬರುತ್ತೆ.

ಮೊದಲು ಮನೆ ವಿಷಯ. ಸರ್ಕಾರಿ ಬಂಗಲೆಗೆ ಹೋಗ್ಲೇಬೇಕಾ ಅಂತ ಒಂದ್ಸಲ ಕೂತು ಯೋಚನೆ ಮಾಡಿ. ಸಿಂಗಾಪುರದ ಲೀ ಕುವಾನ್ ಯೂ 1959ರಲ್ಲಿ ಪ್ರಧಾನಿ ಆದಾಗ ದೊಡ್ಡ ಮಗನಿಗೆ ಏಳು ವರ್ಷ, ಅವರು ಸರ್ಕಾರಿ ನಿವಾಸಕ್ಕೆ ಹೋಗ್ಲಿಲ್ಲ, ಆಕ್ಸ್‌ಲೀ ರೋಡಲ್ಲಿದ್ದ ತಮ್ಮ ಹಳೇ ಮನೇಲೇ ಇದ್ರು. ಕೈಗೆ ಕಾಲಿಗೆ ಆಳುಗಳು ಓಡಾಡೋ ವಾತಾವರಣದಲ್ಲಿ ಮಕ್ಕಳು ಬೆಳೆಯೋದು ಬೇಡ ಅನ್ನೋದೇ ಅವರ ಕಾರಣ. ಎಲ್ಲರಿಗೂ ಇದು ಆಗಲ್ಲ, ಸೆಕ್ಯುರಿಟಿಯವರು ಒಪ್ಪಲ್ಲ, ಸರಿ. ಬಂಗಲೆಗೆ ಹೋದ್ರೂ ಒಳಗೆ ನಿಮ್ಮ ರೂಲ್ಸ್ ಇಟ್ಕೋಬಹುದು. ಮಿಶೆಲ್ ಒಬಾಮಾ ವೈಟ್‌ಹೌಸ್ ಸಿಬ್ಬಂದಿಗೆ ಹೇಳಿದ್ದು ಇದನ್ನೇ, ನನ್ನ ಮಕ್ಕಳ ಹಾಸಿಗೆ ಅವರೇ ಸರಿ ಮಾಡ್ಕೋತಾರೆ ನೀವು ಮುಟ್ಬೇಡಿ ಅಂತ. ಆಗ ಮಲಿಯಾಗೆ ಹತ್ತು ವರ್ಷ, ಸಾಶಾಗೆ ಏಳು. ಇದು ಚಿಕ್ಕ ವಿಷಯ ಅನ್ಸುತ್ತೆ ಆದ್ರೆ ನನಗೆ ಇದು ತುಂಬಾ ಮುಖ್ಯ ಅನ್ಸುತ್ತೆ, ಯಾಕಂದ್ರೆ ಅಡುಗೆಯವರು, ಡ್ರೈವರ್, ಗಾರ್ಡ್ ಇವರೆಲ್ಲಾ ದೇಶ ಸಂಬಳ ಕೊಡ್ತಿರೋ ಜನ, ಮಗು ಅವರನ್ನ ಹೋಗಿ ಬನ್ನಿ ಅಂತ ಮಾತಾಡಿಸೋದನ್ನ ಮೊದಲನೇ ವಾರದಲ್ಲೇ ಕಲೀಬೇಕು, ಏಕವಚನದಲ್ಲಿ ಕೂಗೋದು ಒಂದ್ಸಲ ಅಭ್ಯಾಸ ಆದ್ರೆ ಆಮೇಲೆ ಬಿಡಿಸೋದು ಕಷ್ಟ.

ಸರ್ಕಾರಿ ಕಾರಿನ ವಿಷಯನೂ ಹಾಗೇ. ಲಾಲ್ ಬಹದ್ದೂರ್ ಶಾಸ್ತ್ರಿಗಳು ಪ್ರಧಾನಿ ಆಗಿದ್ದಾಗ ಮಗ ಒಂದಿನ ಆಫೀಸ್ ಕಾರು ತಗೊಂಡು ಸುತ್ತಾಡ್ಕೊಂಡು ಬಂದ್ರಂತೆ, ಶಾಸ್ತ್ರಿಗಳು ಬೈಲಿಲ್ಲ, ಎಷ್ಟು ಕಿಲೋಮೀಟರ್ ಓಡಿದೆ ಅಂತ ಲೆಕ್ಕ ಹಾಕ್ಸಿ ಸ್ವಂತ ಉಪಯೋಗ ಅಂತ ಬರೆಸಿ ದುಡ್ಡು ಕಟ್ಟಿಸಿದ್ರು, ಇದನ್ನ ಮನೆಯವರೇ ಹೇಳ್ಕೊಂಡಿದ್ದಾರೆ. ನೂರು ಸಲ ಬುದ್ಧಿ ಹೇಳೋದಕ್ಕಿಂತ ಒಂದ್ಸಲ ಹೀಗೆ ಲೆಕ್ಕ ಕಟ್ಟಿಸಿದ್ರೆ ಸಾಕು. ಹೊರಗಿನವರು ಕೊಡೋ ಗಿಫ್ಟ್ ಬಗ್ಗೆನೂ ಮೊದಲೇ ಹೇಳಿಡಿ, ಯಾರೇ ಏನೇ ಕೊಟ್ರೂ ಮನೇಲಿ ತೋರಿಸದೇ ಬಿಚ್ಚಂಗಿಲ್ಲ.

ಈಗ ಸ್ಕೂಲು. ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ ಯಾಕಂದ್ರೆ ಜಾಸ್ತಿ ಎಡವೋದು ಇಲ್ಲೇ.

ಸ್ಕೂಲ್ ಆಯ್ಕೆ ಮಾಡಿದ ತಕ್ಷಣ ಅದು ರಾಜಕೀಯ ಆಗುತ್ತೆ. ಅಮೆರಿಕದ ಪ್ರೆಸಿಡೆಂಟ್ ಜಿಮ್ಮಿ ಕಾರ್ಟರ್ 1977ರಲ್ಲಿ ಒಂಬತ್ತು ವರ್ಷದ ಮಗಳು ಏಮಿನ ವಾಷಿಂಗ್ಟನ್ನಿನ ಒಂದು ಸರ್ಕಾರಿ ಶಾಲೆಗೆ ಸೇರಿಸಿದ್ರು, ಜನ ಮೆಚ್ಚಿದ್ರು, ಆದ್ರೆ ಮೊದಲ ದಿನ ಸ್ಕೂಲ್ ಮುಂದೆ ಕ್ಯಾಮೆರಾಗಳ ಜಾತ್ರೆ. ಕ್ಲಿಂಟನ್ 1993ರಲ್ಲಿ ಮಗಳು ಚೆಲ್ಸಿನ ಸಿಡ್‌ವೆಲ್ ಫ್ರೆಂಡ್ಸ್ ಅನ್ನೋ ಖಾಸಗಿ ಶಾಲೆಗೆ ಹಾಕಿದ್ರು, ಸರ್ಕಾರಿ ಶಾಲೆ ಪರ ಮಾತಾಡಿ ಮಗಳನ್ನ ಮಾತ್ರ ಪ್ರೈವೇಟಿಗೆ ಹಾಕಿದ್ರಲ್ಲ ಅಂತ ಬೈಸ್ಕೊಂಡ್ರು. ಕೆನಡಿ ದಂಪತಿ ಇನ್ನೊಂದು ದಾರಿ ಹಿಡಿದ್ರು, ವೈಟ್‌ಹೌಸಿನ ಮೂರನೇ ಮಹಡೀಲೇ ಒಂದು ಪುಟ್ಟ ಶಾಲೆ ಮಾಡಿ ಮಗಳು ಕ್ಯಾರೊಲಿನ್ ಜೊತೆ ಗೊತ್ತಿರೋ ಮನೆಗಳ ಮಕ್ಕಳನ್ನೂ ಕರೆಸ್ಕೊಂಡು ಪಾಠ ನಡೆಸಿದ್ರು. ಮೂರು ದಾರಿಗೂ ಲಾಭ ನಷ್ಟ ಇದೆ. ನನ್ನ ಅಭಿಪ್ರಾಯ ಕೇಳಿದ್ರೆ, ಮಗು ನಿಮ್ಮ ಪಾಲಿಸಿಗೆ ಜಾಹೀರಾತು ಆಗ್ಬಾರ್ದು, ಅದಕ್ಕೆ ಯಾವ ಸ್ಕೂಲ್ ಸರಿ ಅಂತ ನೋಡಿ ಸೇರಿಸಿ, ಬೈಗುಳ ಬಂದ್ರೆ ಅದನ್ನ ದೊಡ್ಡೋರು ತಿನ್ನಿ. ಮನೇಲೇ ಪಾಠ ಅನ್ನೋದನ್ನ ಮಾತ್ರ ಜೀವಕ್ಕೆ ಅಪಾಯ ಇದ್ದಾಗ ಇಟ್ಕೊಳ್ಳಿ. 1984ರಲ್ಲಿ ಇಂದಿರಾ ಗಾಂಧಿ ಹತ್ಯೆ ಆದ ಮೇಲೆ ರಾಹುಲ್, ಪ್ರಿಯಾಂಕಾ ಮನೇಲೇ ಓದ್ಬೇಕಾಯ್ತು, ಅಲ್ಲಿ ಬೇರೆ ದಾರಿ ಇರ್ಲಿಲ್ಲ. ಇಲ್ಲಾಂದ್ರೆ ಮಗುಗೆ ಬೇರೆ ಮಕ್ಕಳ ಜೊತೆ ಜಗಳ ಆಡೋದು, ಸೋಲೋದು, ಲೈನಲ್ಲಿ ನಿಲ್ಲೋದು ಎಲ್ಲಾ ಬೇಕು, ಅದು ಟ್ಯೂಟರ್ ಕೈಲಿ ಕಲಿಸೋಕಾಗಲ್ಲ.

ಸೇರಿಸೋ ಮುಂಚೆ ಪ್ರಿನ್ಸಿಪಾಲ್‌ನ ಭೇಟಿ ಮಾಡಿ, ಅವರು ನಿಮ್ಮ ಎದುರು ಒಂದ್ಸಲನಾದ್ರೂ ಇದು ಆಗಲ್ಲ ಸರ್, ಆಗಲ್ಲ ಮೇಡಂ ಅಂತ ಹೇಳ್ತಾರಾ ನೋಡಿ. ಹೇಳಿದ್ರೆ ಆ ಸ್ಕೂಲ್ ಒಳ್ಳೇದು. ನೀವು ಹೇಳಿದ್ದಕ್ಕೆಲ್ಲಾ ತಲೆ ಆಡಿಸೋ ಪ್ರಿನ್ಸಿಪಾಲ್ ನಾಳೆ ಮಗು ತಪ್ಪು ಮಾಡಿದಾಗಲೂ ತಲೆ ಆಡಿಸ್ತಾರೆ. ನಾಯಕರ ಮಕ್ಕಳನ್ನ ಮುಂಚೆ ನೋಡಿರೋ ಸ್ಕೂಲ್ ಸಿಕ್ಕಿದ್ರೆ ಇನ್ನೂ ವಾಸಿ, ಒಬಾಮಾ ಮಕ್ಕಳೂ ಚೆಲ್ಸಿ ಓದಿದ ಸಿಡ್‌ವೆಲ್ಲಿಗೇ ಹೋದ್ರು. ಇನ್ನೊಂದು, ವರ್ಷದ ಮಧ್ಯ ಸ್ಕೂಲ್ ಬಿಡಿಸ್ಬೇಡಿ. 2017ರಲ್ಲಿ ಟ್ರಂಪ್ ಅಧಿಕಾರಕ್ಕೆ ಬಂದಾಗ ಅವರ ಹತ್ತು ವರ್ಷದ ಮಗ ಬ್ಯಾರನ್ ಅಮ್ಮನ ಜೊತೆ ನ್ಯೂಯಾರ್ಕಲ್ಲೇ ಉಳಿದು ಶಾಲೆ ವರ್ಷ ಮುಗಿಸಿ ಜೂನಲ್ಲಿ ವಾಷಿಂಗ್ಟನ್‌ಗೆ ಬಂದ. ತುಂಬಾ ಜನ ಟೀಕೆ ಮಾಡಿದ್ರು, ನನಗೆ ಅದು ಸರಿಯಾದ ನಿರ್ಧಾರ ಅಂತಲೇ ಅನ್ಸುತ್ತೆ.

ಟೀಚರ್‌ಗಳಿಗೆ ಒಂದೆರಡು ಮಾತು. ಹಾಜರಿ ಕೂಗೋವಾಗ ಬೇರೆ ಮಕ್ಕಳ ಹೆಸರು ಹೇಗೆ ಕೂಗ್ತೀರೋ ಹಾಗೇ ಕೂಗಿ. ಮಾರ್ಕ್ಸ್ ಒಂದು ಜಾಸ್ತಿನೂ ಬೇಡ, ನೋಡಿ ನಾನು ಎಷ್ಟು ನಿಷ್ಪಕ್ಷಪಾತಿ ಅಂತ ತೋರಿಸೋಕೆ ಒಂದು ಕಮ್ಮಿನೂ ಬೇಡ. ನಾಟಕದಲ್ಲಿ ರಾಜನ ಪಾತ್ರ ಕೊಡ್ಲೇಬೇಕು ಅಂತೇನಿಲ್ಲ. ಪೌರನೀತಿ ಪಾಠದಲ್ಲಿ ಸರ್ಕಾರದ ವಿಷಯ ಬಂದಾಗ ಇಡೀ ಕ್ಲಾಸ್ ಆ ಮಗು ಕಡೆ ತಿರುಗುತ್ತೆ, ಆಗ ನಿಮ್ಮ ತಂದೆ ಏನಂತಾರೆ ಅಂತ ದಯವಿಟ್ಟು ಕೇಳ್ಬೇಡಿ, ಪಾಠದಲ್ಲಿರೋ ಟೀಕೆನ ಮುಚ್ಚಿಡೋದೂ ಬೇಡ, ಆ ಮಗು ಉಳಿದೋರ ಹಾಗೇ ಕೂತು ಕೇಳೋಕೆ ಬಿಡಿ. ಗಾರ್ಡ್ ಎಲ್ಲಿ ನಿಲ್ಬೇಕು ಅನ್ನೋದನ್ನ ಶಾಲೆ ಶುರು ಆಗೋ ಮುಂಚೆನೇ ಮಾತಾಡಿ ಮುಗಿಸಿ, ಕ್ಲಾಸ್ ಬಾಗಿಲ ಹೊರಗೆ ಆದಷ್ಟು ದೂರ, ಸಾದಾ ಬಟ್ಟೆ.

ಸ್ನೇಹಿತರ ವಿಷಯದಲ್ಲಿ ಸೆಕ್ಯುರಿಟಿ ದೊಡ್ಡ ಗೋಡೆ. ಫ್ರೆಂಡ್ ಮನೆಗೆ ಹುಟ್ಟಿದಹಬ್ಬಕ್ಕೆ ಹೋಗ್ಬೇಕು ಅಂದ್ರೆ ಆ ಮನೆ ಮೊದಲೇ ಚೆಕ್ ಆಗುತ್ತೆ, ಬಂದೋರ ಹೆಸರು ಕೇಳ್ತಾರೆ, ಎರಡು ಸಲ ಹೀಗಾದ್ರೆ ಮೂರನೇ ಸಲ ಕರೆಯಲ್ಲ. ಅದಕ್ಕೆ ಆ ಮಗುವಿನ ಅಪ್ಪ ಅಮ್ಮನಿಗೆ ಆಫೀಸಿಂದ ಅಲ್ಲ, ನೀವೇ ಫೋನ್ ಮಾಡಿ ಹೀಗೀಗೆ ಇಷ್ಟು ಜನ ಬರ್ತಾರೆ, ಬೇಜಾರು ಮಾಡ್ಕೋಬೇಡಿ ಅಂತ ಹೇಳಿ. ಇಲ್ಲಾ ನಿಮ್ಮನೆಗೇ ಕರೀರಿ. ಅಮೆರಿಕದ ಪ್ರೆಸಿಡೆಂಟ್ ಆಗಿದ್ದ ಜೆರಾಲ್ಡ್ ಫೋರ್ಡ್ ಮಗಳು ಸೂಸನ್ 1975ರಲ್ಲಿ ತನ್ನ ಇಡೀ ಕ್ಲಾಸಿನ ಪ್ರಾಮ್ ಅನ್ನೋ ಡ್ಯಾನ್ಸ್ ಪಾರ್ಟಿನ ವೈಟ್‌ಹೌಸಲ್ಲೇ ಮಾಡಿದ್ಲು. ಗಾರ್ಡ್‌ಗಳನ್ನ ಮಗು ಶತ್ರು ಅಂತ ನೋಡದ ಹಾಗೆ ನೋಡ್ಕೊಳ್ಳಿ, ಮಲಿಯಾಗೆ ಕಾರ್ ಓಡಿಸೋದು ಕಲಿಸಿದ್ದು ಪ್ರೆಸಿಡೆಂಟ್ ಮನೆಯವರನ್ನ ಕಾಯೋ ಸೀಕ್ರೆಟ್ ಸರ್ವಿಸ್‌ನವರೇ. ಹಾಗೇ ಯಾವ ಮಾತು ಹೊರಗೆ ಹೇಳ್ಬಾರ್ದು ಅನ್ನೋದನ್ನ ಚಿಕ್ಕದಾಗಿ ಹೇಳ್ಕೊಡಿ, ಊರಿಗೆ ಯಾವಾಗ ಹೋಗ್ತೀವಿ, ಮನೆಗೆ ಯಾರು ಬಂದಿದ್ರು, ಫೋನಲ್ಲಿ ಏನು ಕೇಳಿಸ್ತು, ಈ ಮೂರು ಸಾಕು. ಯಾರಾದ್ರೂ ಕೆಣಕಿ ಕೇಳಿದ್ರೆ "ಅದು ಅಪ್ಪನ ಆಫೀಸ್ ವಿಷಯ, ನನಗೆ ಗೊತ್ತಿಲ್ಲ" ಅಂತ ಹೇಳೋಕೆ ಮನೇಲಿ ಪ್ರಾಕ್ಟೀಸ್ ಮಾಡ್ಸಿ.

ಕೆಟ್ಟ ಸುದ್ದಿನ ಮಗುಗೆ ಮೊದಲು ಮನೆಯವರೇ ಹೇಳ್ಬೇಕು. ಇದರಲ್ಲಿ ರಾಜಿ ಇಲ್ಲ. ಸೋವಿಯತ್ ನಾಯಕ ಸ್ಟಾಲಿನ್ ಮಗಳು ಸ್ವೆಟ್ಲಾನಾ ಆರು ವರ್ಷದವಳಿದ್ದಾಗ, 1932ರಲ್ಲಿ, ಅಮ್ಮ ತೀರ್ಕೊಂಡ್ರು, ಕಾಯಿಲೆ ಅಂತ ಹೇಳಿ ಮುಗಿಸಿದ್ರು, ಅದು ಆತ್ಮಹತ್ಯೆ ಅಂತ ಅವಳಿಗೆ ಗೊತ್ತಾಗಿದ್ದು ಸುಮಾರು ಹತ್ತು ವರ್ಷ ಆದ ಮೇಲೆ ಇಂಗ್ಲಿಷ್ ಪತ್ರಿಕೆಯೊಂದನ್ನ ಓದುವಾಗ. ಅಪ್ಪನ ಮೇಲಿದ್ದ ನಂಬಿಕೆ ಅಲ್ಲಿಂದ ಸರಿ ಹೋಗ್ಲೇ ಇಲ್ಲ. ಈಗಂತೂ ಪಕ್ಕದ ಬೆಂಚಿನ ಹುಡುಗನ ಫೋನಲ್ಲಿ ಎಲ್ಲಾ ಬರುತ್ತೆ, ನಾಳೆ ಪೇಪರಲ್ಲಿ ಅಪ್ಪನ ಮೇಲೆ ಆರೋಪ ಬರುತ್ತೆ ಅಂತ ಗೊತ್ತಿದ್ರೆ ಇವತ್ತು ರಾತ್ರಿ ಊಟದ ಹೊತ್ತಲ್ಲೇ ಹೇಳಿ, ವಯಸ್ಸಿಗೆ ತಕ್ಕಷ್ಟು, ಸುಳ್ಳಿಲ್ದೆ.

ಮೀಡಿಯಾ ಜೊತೆ ಒಪ್ಪಂದ ಮೊದಲೇ ಆಗ್ಲಿ. ಬ್ರಿಟನ್ನಿನ ಪತ್ರಿಕೆಗಳ ಸಂಪಾದಕರ ನೀತಿಸಂಹಿತೆಯಲ್ಲೇ ಇದೆ, ಅಪ್ಪ ಅಮ್ಮನ ಹೆಸರು ಪದವಿ ದೊಡ್ಡದು ಅನ್ನೋದೊಂದೇ ಕಾರಣಕ್ಕೆ ಮಗುವಿನ ಖಾಸಗಿ ವಿಷಯ ಛಾಪಿಸೋ ಹಾಗಿಲ್ಲ. ಆದ್ರೆ ಈ ರಕ್ಷಣೆ ಕೇಳೋಕೆ ಮುಂಚೆ ನೀವು ನಿಮ್ಮ ಕಡೆಯಿಂದ ಶುದ್ಧವಾಗಿರ್ಬೇಕು, ಎಲೆಕ್ಷನ್ ಟೈಮಲ್ಲಿ ಮಗುನ ಎತ್ಕೊಂಡು ಫೋಟೋ ಹಾಕಿ, ಗೆದ್ದ ಮೇಲೆ ನನ್ನ ಮಗುನ ಬಿಟ್ಬಿಡಿ ಅಂದ್ರೆ ಯಾರೂ ಕೇಳಲ್ಲ. ಮಗುನ ಟೀಕೆ ಮಾಡಿದಾಗ ಸಿಟ್ಟು ಬರೋದು ಸಹಜ. 1950ರ ಡಿಸೆಂಬರಲ್ಲಿ ಟ್ರೂಮನ್ ಮಗಳು ಮಾರ್ಗರೆಟ್ ಹಾಡಿದ್ದು ಚೆನ್ನಾಗಿಲ್ಲ ಅಂತ ವಿಮರ್ಶಕ ಬರೆದಿದ್ದಕ್ಕೆ ಪ್ರೆಸಿಡೆಂಟ್ ಆಗಿದ್ದ ಅಪ್ಪ ಹೊಡೀತೀನಿ ಅನ್ನೋ ಥರ ಪತ್ರ ಬರೆದ್ರು, ಆ ಪತ್ರ ಹೊರಗೆ ಬಂದು ಹಾಡಿಗಿಂತ ಅದೇ ದೊಡ್ಡ ಸುದ್ದಿ ಆಯ್ತು. ಮಗು ತಾನಾಗೇ ಸ್ಟೇಜ್ ಹತ್ತಿದ್ರೆ ಅದರ ವಿಮರ್ಶೆನ ಅದೇ ತಗೊಳ್ಲಿ. ಸ್ಟೇಜ್ ಹತ್ತದೇ ಇರೋ ಮಗು ಮೇಲೆ ಬಿದ್ರೆ ಮಾತ್ರ ನೀವು ಗಟ್ಟಿಯಾಗಿ ನಿಲ್ಲಿ. ಇದರಲ್ಲಿ ಪಕ್ಷ ನೋಡ್ಬೇಡಿ, 2017ರಲ್ಲಿ ಬ್ಯಾರನ್ ಹಾಕೋ ಬಟ್ಟೆ ಬಗ್ಗೆ ಟೀಕೆ ಬಂದಾಗ ಅವನನ್ನ ಅವನ ಪಾಡಿಗೆ ಬಿಡಿ ಅಂತ ಬಹಿರಂಗವಾಗಿ ಹೇಳಿದ್ದು ಎದುರು ಪಕ್ಷದ ಚೆಲ್ಸಿ ಕ್ಲಿಂಟನ್. ಆ ವಯಸ್ಸು ದಾಟಿ ಬಂದೋರಿಗೇ ಅದರ ಕಷ್ಟ ಗೊತ್ತು. ಹಿಂದಿನ ಪ್ರೆಸಿಡೆಂಟ್ ಬುಷ್ ಅವರ ಅವಳಿ ಹೆಣ್ಣುಮಕ್ಕಳೂ 2009ರಲ್ಲಿ ಒಬಾಮಾ ಮಕ್ಕಳಿಗೆ ವೈಟ್‌ಹೌಸಲ್ಲಿ ಹೇಗಿರ್ಬೇಕು ಅಂತ ಪತ್ರ ಬರೆದ್ರು. ನಿಮ್ಮ ದೇಶದಲ್ಲೂ ಹಿಂದಿನ ನಾಯಕರ ಮಕ್ಕಳು ಇರ್ತಾರೆ, ಪಕ್ಷ ಬೇರೆ ಇದ್ರೂ ಒಂದ್ಸಲ ಅವರ ಕೈಲಿ ಮಗು ಜೊತೆ ಮಾತಾಡ್ಸಿ.

ಸಮಯ ಇಲ್ಲ ಅನ್ನೋದು ನಿಜ, ಆದ್ರೆ ದಾರಿ ಇದೆ. ಒಬಾಮಾ ಊರಲ್ಲಿದ್ದ ದಿನ ಸಂಜೆ ಆರೂವರೆಗೆ ಮಕ್ಕಳ ಜೊತೆ ಊಟಕ್ಕೆ ಬರ್ತಿದ್ರು. ದೂರ ಇದ್ದೋರೂ, ಜೈಲಲ್ಲಿದ್ದೋರೂ ದಾರಿ ಹುಡುಕಿದ್ದಾರೆ. ನೆಹರು 1928ರಲ್ಲಿ ಅಲಹಾಬಾದಿಂದ ಮಸ್ಸೂರಿಯಲ್ಲಿದ್ದ ಹತ್ತು ವರ್ಷದ ಇಂದಿರಾಗೆ ಭೂಮಿ ಹೇಗೆ ಹುಟ್ತು, ಮನುಷ್ಯ ಹೇಗೆ ಬಂದ ಅಂತ ಪತ್ರ ಬರೆದ್ರು, ಆಮೇಲೆ 1930ರಿಂದ 1933ರ ತನಕ ಜೈಲಿಂದ ಪ್ರಪಂಚದ ಚರಿತ್ರೆನೇ ಪತ್ರಗಳಲ್ಲಿ ಹೇಳಿದ್ರು. ಪತ್ರ ಅದ್ಭುತ, ಆದ್ರೆ ಆ ಪತ್ರಗಳ ಹಿಂದೆ ಮುಂದಿನ ವರ್ಷಗಳಲ್ಲೆಲ್ಲಾ ಆ ಹುಡುಗಿ ಜಿನೀವಾ, ಪುಣೆ, ಶಾಂತಿನಿಕೇತನ, ಬ್ರಿಸ್ಟಲ್, ಆಕ್ಸ್‌ಫರ್ಡ್ ಅಂತ ಅಲೀತಾನೇ ಇದ್ರು, ಡಿಗ್ರಿ ಮುಗೀಲಿಲ್ಲ. ಪತ್ರ ಸ್ಕೂಲಿನ ಜಾಗ ತುಂಬಲ್ಲ. ಮಂಡೇಲಾ ಕಥೆ ಇನ್ನೂ ಕಠಿಣ, ಹದಿನಾರು ವರ್ಷ ಆಗದೇ ಇರೋ ಮಕ್ಕಳು ರಾಬೆನ್ ದ್ವೀಪದ ಜೈಲಿಗೆ ಹೋಗಿ ಅಪ್ಪನ್ನ ನೋಡೋ ಹಾಗೇ ಇರ್ಲಿಲ್ಲ, ಹೆಣ್ಣುಮಕ್ಕಳು ಸ್ವಾಜಿಲ್ಯಾಂಡ್‌ನ ಬೋರ್ಡಿಂಗ್ ಶಾಲೇಲಿ ಓದಿದ್ರು. ನೀವು ದೂರ ಇದ್ರೆ ವಾರಕ್ಕೊಂದು ಪತ್ರನೋ ಆಡಿಯೋನೋ ಕಳಿಸಿ, ಉಪದೇಶ ಬೇಡ, ಇವತ್ತು ಏನು ನೋಡಿದೆ ಅಂತ ಹೇಳಿ, ಅದರ ಸ್ಕೂಲಲ್ಲಿ ಏನಾಯ್ತು ಅಂತ ಕೇಳಿ, ಸೆಕ್ರೆಟರಿ ಕೈಲಿ ಬರೆಸ್ಬೇಡಿ.

ನಿಮ್ಮ ಸಿದ್ಧಾಂತದ ಪ್ರಯೋಗ ಮಗು ಮೇಲೆ ಮಾಡೋದು ಎಷ್ಟು ದುಬಾರಿ ಅನ್ನೋದಕ್ಕೆ ಗಾಂಧೀಜಿ ಮನೆಗಿಂತ ಬೇರೆ ಉದಾಹರಣೆ ಬೇಡ. ಬೇರೆ ಮಕ್ಕಳಿಗೆ ಸಿಗದ ಶಾಲೆ ನನ್ನ ಮಕ್ಕಳಿಗೂ ಬೇಡ ಅಂತ ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳಿಗೆ ತಾವೇ ಪಾಠ ಹೇಳಿದ್ರು, ಅದೂ ಆಫೀಸಿಗೆ ನಡ್ಕೊಂಡು ಹೋಗೋ ದಾರೀಲಿ. ದೊಡ್ಡ ಮಗ ಹರಿಲಾಲ್‌ಗೆ ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗೋ ಆಸೆ ಇತ್ತು, ಸಿಕ್ಕ ಸ್ಕಾಲರ್‌ಶಿಪ್ ಬೇರೆಯವರಿಗೆ ಹೋಯ್ತು. 1911ರಲ್ಲಿ ಮನೆ ಬಿಟ್ಟು ಇಂಡಿಯಾಗೆ ಬಂದು ಮೆಟ್ರಿಕ್ ಮಾಡೋಕೆ ಒದ್ದಾಡಿದ್ರು, ಅಪ್ಪ ಮಗನ ಸಂಬಂಧ ಕೊನೆ ತನಕ ಸರಿ ಹೋಗ್ಲಿಲ್ಲ. ಮಕ್ಕಳಿಗೆ ಈ ದೂರು ಇದೆ ಅಂತ ಗಾಂಧೀಜಿ ಆತ್ಮಕಥೇಲಿ ಒಪ್ಕೊಂಡಿದ್ದಾರೆ. ತ್ಯಾಗ ಮಾಡೋದಿದ್ರೆ ನಿಮ್ಮದನ್ನ ಮಾಡಿ, ಮಗುವಿನ ಓದನ್ನಲ್ಲ.

ಕೆಲಸ ಮಾಡೋದು ಕಲಿಸೋಕೆ ಮಾತ್ರ ಸಂಕೋಚ ಬೇಡ. 1923ರಲ್ಲಿ ಕೂಲಿಜ್ ಅಮೆರಿಕದ ಪ್ರೆಸಿಡೆಂಟ್ ಆದಾಗ ಅವರ ಮಗ ರಜೇಲಿ ತಂಬಾಕು ಹೊಲದಲ್ಲಿ ಕೆಲಸಕ್ಕಿದ್ದ, ನಮ್ಮಪ್ಪ ಪ್ರೆಸಿಡೆಂಟ್ ಆಗಿದ್ರೆ ನಾನು ಇಲ್ಲಿ ದುಡೀತಿರ್ಲಿಲ್ಲ ಅಂತ ಜೊತೆಯವನು ಅಂದಿದ್ದಕ್ಕೆ, ನಮ್ಮಪ್ಪ ನಿಮ್ಮಪ್ಪ ಆಗಿದ್ರೆ ನೀನೂ ದುಡೀತಿದ್ದೆ ಅಂದನಂತೆ.

ಕಾಲೇಜಿಗೆ ಬಂದಾಗ ವಿಷಯ ಮಗುನೇ ಆರಿಸ್ಲಿ. ಸ್ವೆಟ್ಲಾನಾಗೆ ಸಾಹಿತ್ಯ ಬೇಕಿತ್ತು, ಅಪ್ಪ ಚರಿತ್ರೆ ಓದು ಅಂದ್ರು, ಓದಿದ್ಲು, 1967ರಲ್ಲಿ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಗೆ ಹೋಗಿ ದೇಶನೇ ಬಿಟ್ಲು. ಮಲಿಯಾ 2016ರಲ್ಲಿ ಸ್ಕೂಲ್ ಮುಗಿಸಿ ತಕ್ಷಣ ಹಾರ್ವರ್ಡಿಗೆ ಹೋಗದೇ ಒಂದು ವರ್ಷ ಬಿಡುವು ತಗೊಂಡ್ಲು, ಅಷ್ಟರಲ್ಲಿ ಅಪ್ಪನ ಅಧಿಕಾರನೂ ಮುಗೀತು, ಕಾಲೇಜಿಗೆ ಹೋದಾಗ ಅವಳು ಮಾಜಿ ಪ್ರೆಸಿಡೆಂಟ್ ಮಗಳು, ಅಷ್ಟು ಭಾರ ಕಮ್ಮಿ. ಇದು ಒಳ್ಳೇ ಉಪಾಯ.

ಅಧಿಕಾರ ಹೋಗೋ ದಿನಕ್ಕೂ ತಯಾರಿ ಬೇಕು. ಈ ಮನೆ ನಮ್ಮದಲ್ಲ ಅಂತ ಬಂದ ದಿನನೇ ಹೇಳಿರ್ಬೇಕು, ಹಳೇ ಸ್ನೇಹಿತರ ಜೊತೆ ಸಂಪರ್ಕ ಕಡಿದು ಹೋಗ್ಬಾರ್ದು. ಸೆಕ್ಯುರಿಟಿ ಎಲ್ಲೀವರೆಗೆ ಇರುತ್ತೆ ಅಂತಲೂ ತಿಳ್ಕೊಂಡಿರಿ, ಅಮೆರಿಕದಲ್ಲಿ ಮಾಜಿ ಪ್ರೆಸಿಡೆಂಟ್ ಮಕ್ಕಳಿಗೆ ಹದಿನಾರು ವರ್ಷದ ತನಕ, ಭಾರತದಲ್ಲಿ 2019ರ ತಿದ್ದುಪಡಿ ಆದ ಮೇಲೆ ಎಸ್‌ಪಿಜಿ ಅನ್ನೋ ವಿಶೇಷ ಭದ್ರತಾ ಪಡೆಯ ಕಾವಲು ಪ್ರಧಾನಿ ಜೊತೆ ಅಧಿಕೃತ ನಿವಾಸದಲ್ಲಿರೋ ಹತ್ತಿರದ ಕುಟುಂಬಕ್ಕೆ, ಅಧಿಕಾರ ಬಿಟ್ಟ ಮೇಲೆ ಐದು ವರ್ಷ. ಸ್ಕೂಲ್ ಮಾತ್ರ ಆದಷ್ಟು ಬದಲಾಯಿಸ್ಬೇಡಿ. 2017ರ ಜನವರೀಲಿ ಒಬಾಮಾ ಶಿಕಾಗೋದಲ್ಲಿ ವಿದಾಯ ಭಾಷಣ ಮಾಡಿದಾಗ ಸಾಶಾ ಅಲ್ಲಿರ್ಲಿಲ್ಲ, ಮಾರನೇ ದಿನ ಬೆಳಿಗ್ಗೆ ಅವಳಿಗೆ ಪರೀಕ್ಷೆ ಇತ್ತು. ಅಧಿಕಾರ ಮುಗಿದ ಮೇಲೂ ಅವಳು ಅದೇ ಸ್ಕೂಲಲ್ಲಿ ಓದು ಮುಗಿಸ್ಲಿ ಅಂತ ಮನೆಯವರೆಲ್ಲಾ ವಾಷಿಂಗ್ಟನ್ನಲ್ಲೇ ಬೇರೆ ಮನೆ ಮಾಡ್ಕೊಂಡು ಉಳಿದ್ರು, 2019ರಲ್ಲಿ ಅವಳು ಸಿಡ್‌ವೆಲ್ ಮುಗಿಸಿದ್ಲು.