ವೈದ್ಯರ ಸಮ್ಮೇಳನಕ್ಕೆ ಹೊರಟ ಅಪ್ಪ ಅಮ್ಮಂದಿರಿಗೆ

ನನ್ನ ಮಗಳಿಗೆ ಪಿಕೆಯು (ಫೀನೈಲ್‌ಕೀಟೋನ್ಯೂರಿಯಾ) ಎಂಬ ಹುಟ್ಟಿನಿಂದಲೇ ಬರುವ ಅಪರೂಪದ ಕಾಯಿಲೆ ಇದೆ. ಪ್ರೋಟೀನ್‌ನಲ್ಲಿರುವ ಫೀನೈಲಲನೈನ್ ಎಂಬ ಅಂಶ ಅವಳ ಮೈಯಲ್ಲಿ ಸರಿಯಾಗಿ ಒಡೆಯುವುದಿಲ್ಲ. ಹಾಗಾಗಿ ಬೇಳೆ, ಹಾಲು, ಮೊಟ್ಟೆ ದೂರ. ಇಂಥ ಕಾಯಿಲೆಗಳ ಸಮ್ಮೇಳನಕ್ಕೆ ಹೋಗುವುದಾದರೆ, ಪೋಷಕರಿಗೆ ಪ್ರವೇಶ ಇದೆಯಾ ಎಂದು ಮೊದಲೇ ಕೇಳಿ.

ಒಂದೇ ಹಾಳೆಯಲ್ಲಿ ಮಗುವಿನ ತೂಕ, ಆರು ತಿಂಗಳ ರಕ್ತದ ಫೀನೈಲಲನೈನ್ ಮಟ್ಟ, ದಿನದ ಊಟ ಬರೆದುಕೊಳ್ಳಿ. ಊಟ ಗ್ರಾಂ ಲೆಕ್ಕದಲ್ಲಿರಲಿ. ಸುಮ್ನೆ 'ಸ್ವಲ್ಪ ಅನ್ನ' ಎಂದರೆ ಯಾರಿಗೂ ತಿಳಿಯುವುದಿಲ್ಲ ಅಲ್ವಾ?

ಆಹಾರ ತಜ್ಞರ ಗೋಷ್ಠಿ ಮಾತ್ರ ತಪ್ಪಿಸಬೇಡಿ. ಸಬ್ಬಕ್ಕಿಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಅದು ತಿಳಿದ ದಿನ ನನಗೆ ಕಣ್ಣು ತುಂಬಿತ್ತು. ಮಗಳಿಗೆ ಹೊಟ್ಟೆ ತುಂಬ ಸಬ್ಬಕ್ಕಿ ಉಪ್ಪಿಟ್ಟು ಕೊಡಬಹುದಲ್ಲ!

ರಕ್ತದ ಫೀನೈಲಲನೈನ್ ಇಳಿಸುವ ಸಪ್ರಾಪ್ಟೆರಿನ್ ಮಾತ್ರೆ ಕೆಲವರಿಗಷ್ಟೇ ಕೆಲಸ ಮಾಡುತ್ತದೆ. ನಿಮ್ಮ ಮಗುವಿಗೆ ಕೊಟ್ಟು ನೋಡಬಹುದಾ ಎಂದು ಕೇಳಿ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ನೆರವಿನ ಬಗ್ಗೆಯೂ ವಿಚಾರಿಸಿ. ಉತ್ತರವನ್ನು ಅಲ್ಲೇ ಬರೆದುಕೊಳ್ಳಿ.