ಲ್ಯಾಪ್‌ಟಾಪ್ ಅಪ್‌ಗ್ರೇಡ್ ಮಾಡಿದೆ, ಬೋರ್ಡ್ ಮುನಿಸಿಕೊಂಡಿತು

ನಮ್ಮದು ಮೂರು ಜನರ ತಂಡ. ಬೀಗಲ್‌ಬೋನ್ ಬ್ಲ್ಯಾಕ್ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟುಕೊಂಡು ಡೇಟಾ ಲಾಗರ್, ಅಂದರೆ ರೀಡಿಂಗ್ ದಾಖಲಿಸುವ ಸಾಧನ, ಮಾಡುತ್ತೇವೆ. ಬೋರ್ಡಿನಲ್ಲಿ ಓಡುವುದು ಡೆಬಿಯನ್ 10 ಅನ್ನೋ ಲಿನಕ್ಸ್, ಜೊತೆಗೆ 2019ರಲ್ಲಿ ತೆಗೆದುಕೊಂಡು ಅಲ್ಲಿಗೇ ನಿಲ್ಲಿಸಿದ 4.19 ಕರ್ನಲ್ (ಲಿನಕ್ಸಿನ ತಿರುಳು). 512 ಎಂಬಿ ರ‍್ಯಾಮ್‌ನಲ್ಲಿ ಕರ್ನಲ್ ಕಂಪೈಲ್ ಮಾಡುತ್ತಾ ಕೂರುವ ತಾಳ್ಮೆ ನನಗಿಲ್ಲ. ಹಾಗಾಗಿ ಮೊದಲಿನಿಂದಲೂ ಲ್ಯಾಪ್‌ಟಾಪಿನಲ್ಲೇ ಆರ್ಮ್ (ಬೋರ್ಡಿನ ಪ್ರೊಸೆಸರ್ ಜಾತಿ) ಕಂಪೈಲರ್ ಹಾಕಿಕೊಂಡು ಬಿಲ್ಡ್ ಮಾಡುತ್ತಿದ್ದೆ.

ಒಂದು ಭಾನುವಾರ ಸುಮ್ನೆ ಇರಲಾರದೆ ಲ್ಯಾಪ್‌ಟಾಪಿನಲ್ಲಿ ಉಬುಂಟು ಲಿನಕ್ಸ್ 20.04 ಇದ್ದದ್ದನ್ನು 22.04ಕ್ಕೆ ಏರಿಸಿದೆ. ಸೋಮವಾರ ಕರ್ನಲ್ ಬಿಲ್ಡ್ ಶುರುವಿನಲ್ಲೇ ಮಗುಚಿತು. 'ವೈವೈಲಾಕ್' ಅನ್ನೋ ವೇರಿಯಬಲ್ ಎರಡು ಕಡೆ ಡಿಫೈನ್ ಆಗಿದೆ ಅಂತ ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಟೂಲ್) ದೂರು. ಆರ್ಮ್ ಕಂಪೈಲರ್‌ನದೇ ತಪ್ಪಿರಬೇಕು ಅಂದುಕೊಂಡು ಅರ್ಧ ದಿನ ಅದರ ಹಿಂದೆ ಬಿದ್ದೆ. ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಕರ್ನಲ್ ಬಿಲ್ಡ್ ಆಗುವಾಗ ಎಲ್ಲವೂ ಬೋರ್ಡಿಗಾಗಿ ಕಂಪೈಲ್ ಆಗುವುದಿಲ್ಲ. ಬೋರ್ಡಿನ ಹಾರ್ಡ್‌ವೇರ್ ವಿವರವನ್ನು ಕರ್ನಲ್‌ಗೆ ಸಿದ್ಧಮಾಡುವ ಡಿವೈಸ್ ಟ್ರೀ ಕಂಪೈಲರ್‌ನಂಥ ಕೆಲವು ಪುಟ್ಟ ಟೂಲ್‌ಗಳು ನಮ್ಮ ಲ್ಯಾಪ್‌ಟಾಪಿನಲ್ಲೇ ಓಡಬೇಕು. ಅವುಗಳನ್ನು ಕಟ್ಟುವುದು ಲ್ಯಾಪ್‌ಟಾಪಿನ ಮಾಮೂಲಿ ಕಂಪೈಲರ್ ಜಿಸಿಸಿ. 20.04ರಲ್ಲಿ ಅದು 9 ಇತ್ತು, 22.04ರಲ್ಲಿ 11 ಆಯಿತು. ಒಂದೇ ಗ್ಲೋಬಲ್ ವೇರಿಯಬಲ್ ಎರಡು ಫೈಲ್‌ಗಳಲ್ಲಿದ್ದರೆ ಹಳೆಯ ಜಿಸಿಸಿ ಕಂಡೂ ಕಾಣದಂತೆ ಒಂದಾಗಿಸುತ್ತಿತ್ತು. 10ರಿಂದ ಆ ಉದಾರತೆ ನಿಂತುಹೋಯಿತು. ಹೊಸ ಕರ್ನಲ್‌ಗಳಲ್ಲಿ ಇದು ಸರಿಯಾಗಿದೆ. ನಮ್ಮದು ಹಳೇದು, ಅಲ್ವಾ?

ಒಂದು ಸಾಲು ತಿದ್ದಿ ಮುಂದೆ ಹೋದೆ. ಆಗಲೇ ಎಚ್ಚರ ಆಗಬೇಕಿತ್ತು, ಆಗಲಿಲ್ಲ. ಅದೇ ವಾರ ನಮ್ಮ ಲಾಗರ್ ಪ್ರೋಗ್ರಾಮನ್ನೂ ಬಿಲ್ಡ್ ಮಾಡಿ ಕಳಿಸಿದೆ. ಸೈಟಿನಿಂದ ಹುಡುಗ ಫೋನ್ ಮಾಡಿದ: "ಸಾರ್, ಬೋರ್ಡ್ ಆನ್ ಆಗ್ತಿದೆ, ಆದ್ರೆ ರೀಡಿಂಗೇ ಬರ್ತಿಲ್ಲ." ಲಾಗ್ ತೆಗೆದು ನೋಡಿದರೆ 'ಜಿಲಿಬ್‌ಸಿ 2.34 ಸಿಗಲಿಲ್ಲ' ಅಂತ ಒಂದೇ ಸಾಲು. ಜಿಲಿಬ್‌ಸಿ ಅಂದರೆ ಹೆಚ್ಚಿನ ಪ್ರೋಗ್ರಾಮ್‌ಗಳು ನೆಚ್ಚಿಕೊಂಡಿರುವ ಮೂಲ ಸಿ ಲೈಬ್ರರಿ. ಹೊಸದರ ಮೇಲೆ ಬಿಲ್ಡ್ ಮಾಡಿದ್ದು ಹಳೆಯದರ ಮೇಲೆ ಓಡುವ ಖಾತ್ರಿ ಇಲ್ಲ. ಬೋರ್ಡಿನ ಡೆಬಿಯನ್ 10ರಲ್ಲಿ ಇರುವುದು 2.28. ಉಬುಂಟು 22.04ರಲ್ಲಿ 2.35. 2.34ರಲ್ಲಿ ಪ್ರೋಗ್ರಾಮ್ ಶುರುವಾಗುವ ಫಂಕ್ಷನ್ನಿಗೇ ಹೊಸ ವರ್ಷನ್ ಅಂಟಿಸಿದರು. ಹಾಗಾಗಿ ಬರೀ 'ನಮಸ್ಕಾರ' ಅಂತ ಪ್ರಿಂಟ್ ಮಾಡುವ ಪ್ರೋಗ್ರಾಮ್ ಕೂಡ ಹಳೆಯ ಬೋರ್ಡಿನಲ್ಲಿ ಏಳುವುದಿಲ್ಲ. 20.04ರಲ್ಲೂ 2.31 ಇತ್ತು, ಅಂದರೆ ಆಗಲೂ ನನ್ನ ಬಿಲ್ಡ್ ತಪ್ಪೇ. ಅಷ್ಟು ದಿನ ಅದೃಷ್ಟಕ್ಕೆ ನಡೆದಿತ್ತು.

ಆಮೇಲೆ ಲ್ಯಾಪ್‌ಟಾಪನ್ನು ನಂಬುವುದೇ ಬೇಡ ಅಂತ ಡಾಕರ್ ಕಂಟೇನರ್ (ಲ್ಯಾಪ್‌ಟಾಪಿನೊಳಗೇ ಬೇರೆಯಾಗಿ ಓಡುವ ಪುಟ್ಟ ಲಿನಕ್ಸ್ ಪರಿಸರ) ಮಾಡಿದೆ. ಒಳಗೆ ಬೋರ್ಡಿನಲ್ಲಿರುವ ಅದೇ ಡೆಬಿಯನ್ 10. ಅದರ ಜಿಸಿಸಿ 8, ಜಿಲಿಬ್‌ಸಿ 2.28. ಒಂದೇ ಏಟಿಗೆ ಎರಡೂ ತೊಂದರೆ ಹೋದವು, ಕರ್ನಲ್‌ನಲ್ಲಿ ತಿದ್ದಿದ ಸಾಲನ್ನೂ ವಾಪಸ್ ತೆಗೆದೆ. ಪ್ಯಾಕೇಜ್‌ಗಳನ್ನು ಡೆಬಿಯನ್ನಿನ ಸ್ನ್ಯಾಪ್‌ಶಾಟ್ ಭಂಡಾರದಿಂದ ತರಿಸುತ್ತೇನೆ. ಒಂದು ದಿನಾಂಕ ಕೊಟ್ಟರೆ ಆ ದಿನ ಏನಿತ್ತೋ ಅದೇ ಸಿಗುತ್ತದೆ. ಹಳೆಯ ಪಟ್ಟಿಯ ಅವಧಿ ಮುಗಿದಿದೆ ಅಂತ ಪ್ಯಾಕೇಜ್ ಹಾಕುವ ಟೂಲ್ ಆಪ್ಟ್ ಹಠ ಮಾಡುತ್ತದೆ, ಆ ಚೆಕ್ಕನ್ನು ಆಫ್ ಮಾಡಬೇಕು.

ಮೊದಲ ಬಿಲ್ಡ್ ಮುಗಿದಾಗ ಫೈಲ್‌ಗಳೆಲ್ಲ ರೂಟ್, ಅಂದರೆ ಅಡ್ಮಿನ್, ಹೆಸರಿನಲ್ಲಿದ್ದವು, ಅಳಿಸಲೂ ಸುಡೋ ಬೇಕು. ನನ್ನ ಯೂಸರ್ ನಂಬರನ್ನೇ ಕಂಟೇನರಿಗೆ ಕೊಟ್ಟೆ. ಆಗ ಸಿಕ್ಯಾಶ್ (ಹಿಂದಿನ ಕಂಪೈಲ್ ಫಲಿತಾಂಶ ಉಳಿಸಿಡುವ ಟೂಲ್) ಕೈ ಎತ್ತಿತು. ಆ ನಂಬರಿನ ಯೂಸರ್ ಒಳಗೆ ಇಲ್ಲ, ಹಾಗಾಗಿ ಹೋಮ್ ಅಂದರೆ ಫೈಲ್ ಸಿಸ್ಟಮ್ಮಿನ ಬೇರು ಅಂತ ಆಗಿತ್ತು. ಅಲ್ಲಿ ಬರೆಯಲು ಅನುಮತಿ ಎಲ್ಲಿಂದ ಬರಬೇಕು? ಹೋಮ್ ವೇರಿಯಬಲ್ಲನ್ನು ಬಿಲ್ಡ್ ಫೋಲ್ಡರಿಗೆ ತಿರುಗಿಸಿದ ಮೇಲೆ ಸುಮ್ಮನಾಯಿತು.

ಜಾಸ್ತಿ ಹೊತ್ತು ಹೋಗಿದ್ದು ಲೈಬ್ರರಿಗಳ ಮೇಲೆ. ಕಂಟೇನರ್ ಒಳಗೂ ಲ್ಯಾಪ್‌ಟಾಪಿನ ಜಾತಿಯ, ಅಂದರೆ 64 ಬಿಟ್ ಇಂಟೆಲ್ ಲೈಬ್ರರಿಗಳು ಇರುತ್ತವೆ. ಬಿಲ್ಡ್ ಸ್ಕ್ರಿಪ್ಟ್ ಅದನ್ನೇ ಎತ್ತಿಕೊಂಡರೆ ಗತಿ ಏನು? ಅದಕ್ಕೆ ಡೆವ್ ಪ್ಯಾಕೇಜ್‌ಗಳನ್ನು (ಲೈಬ್ರರಿ ಬಳಸಿ ಬಿಲ್ಡ್ ಮಾಡಲು ಬೇಕಾದ ಫೈಲ್‌ಗಳು) ಬರೀ ಆರ್ಮ್‌ಗೆ ಹಾಕಿದೆ, ಇಂಟೆಲ್‌ಗೆ ಹಾಕಲೇ ಇಲ್ಲ. ಲೈಬ್ರರಿ ಎಲ್ಲಿದೆ ಅಂತ ಹೇಳುವ ಪಿಕೆಜಿ ಕಾನ್ಫಿಗ್‌ಗೆ ಆರ್ಮ್ ಫೋಲ್ಡರ್ ಬಿಟ್ಟು ಬೇರೆ ದಾರಿ ತೋರಿಸಲಿಲ್ಲ. ಏನಾದರೂ ಸಿಗದಿದ್ದರೆ ಬಿಲ್ಡ್ ನಿಲ್ಲಲಿ, ಕಿರುಚಲಿ. ನನ್ನ ಮೇಜಿನ ಮೇಲೆ ಕಿರುಚುವುದು ಸೈಟಿನಲ್ಲಿ ಕಿರುಚುವುದಕ್ಕಿಂತ ಎಷ್ಟೋ ವಾಸಿ.

ಇನ್ನೊಂದು ಪರೀಕ್ಷೆ ಮಾಡಿದೆ. ಕಂಟೇನರಿನ ನೆಟ್‌ವರ್ಕ್ ಪೂರ್ತಿ ಬಂದ್ ಮಾಡಿ ಬಿಲ್ಡ್ ಓಡಿಸಿದೆ. ನಾನೇ ಎಂದೋ ಬರೆದು ಮರೆತಿದ್ದ ಸ್ಕ್ರಿಪ್ಟ್ ಒಂದು ಪ್ರತಿ ಸಲ ಒಂದು ಲೈಬ್ರರಿಯ ತೀರಾ ಹೊಸ ಸೋರ್ಸ್ ತರುತ್ತಿದ್ದದ್ದು ಆಗ ಗೊತ್ತಾಯಿತು. ಈಗ ಸೋರ್ಸ್ ನಮ್ಮ ರೆಪೊದಲ್ಲೇ ಇದೆ.

ಮುಗಿಯಿತು ಅಂದುಕೊಂಡು, ಸಹೋದ್ಯೋಗಿಯ ಲ್ಯಾಪ್‌ಟಾಪಿನಲ್ಲೂ ಅದೇ ಕಂಟೇನರ್ ಓಡಿಸಿ ಎರಡು ಕರ್ನಲ್ ಇಮೇಜ್‌ಗಳ ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿದೆವು. ಹೊಂದಲಿಲ್ಲ. ಕರ್ನಲ್ ತನ್ನೊಳಗೆ ಬಿಲ್ಡ್ ಮಾಡಿದವರ ಹೆಸರು, ಮಷಿನ್ನಿನ ಹೆಸರು, ಸಮಯ ಎಲ್ಲ ಬರೆದಿಟ್ಟುಕೊಳ್ಳುತ್ತದೆ. ಅವಕ್ಕೆಲ್ಲ ಕೆಬಿಲ್ಡ್ (ಕರ್ನಲ್‌ನ ಬಿಲ್ಡ್ ವ್ಯವಸ್ಥೆ) ವೇರಿಯಬಲ್‌ಗಳಿವೆ. ಸಮಯವನ್ನು ಕೊನೆಯ ಗಿಟ್ ಕಮಿಟ್‌ನಿಂದ ತೆಗೆದುಕೊಂಡು, ಎರಡೂ ಕಡೆ ಒಂದೇ ಮೌಲ್ಯ ಕೊಟ್ಟು ಹೊಸದಾಗಿ ಓಡಿಸಿದೆವು. ಈ ಸಲ ಹೊಂದಿತು. ಮಷಿನ್ ಹೆಸರಿನ ಜಾಗದಲ್ಲಿ ಏನು ಹಾಕೋಣ ಅಂತ ಕೇಳಿದ್ದಕ್ಕೆ ಅವಳು 'ಅಡುಗೆಮನೆ' ಅಂದಳು. ಈಗ ಹೊರಡುವ ಪ್ರತಿ ಬೋರ್ಡಿನ ಬೂಟ್ ಲಾಗಿನ ಮೊದಲ ಸಾಲುಗಳಲ್ಲೇ ಆ ಹೆಸರಿದೆ.